ಮಾಗಿಯ ಚಳಿಗೆ ಯಾವ ಪುಸ್ತಕ?

ದೀಪಾವಳಿ ಕಳೆದು ಇಬ್ಬನಿ ಬೀಳತೊಡಗಿತೆಂದರೆ ನಗರದ ಪುಸ್ತಕದಂಗಡಿಗಳಲ್ಲಿ ಹೊಸದೊಂದು ಮೇಜು ಸಿದ್ಧವಾಗುತ್ತದೆ. ಇಂಗ್ಲಿಷ್ ಪತ್ರಿಕೆಗಳ ಭಾನುವಾರದ ಪುಟಗಳಲ್ಲಿ, ಚಳಿಗಾಲದಲ್ಲಿ ಬೆಚ್ಚಗೆ ಹೊದ್ದುಕೊಂಡು ಓದಬೇಕಾದ ಪುಸ್ತಕಗಳ ಪಟ್ಟಿ ಬರುತ್ತದೆ. ಆ ಪುಸ್ತಕಗಳ ಮುಖಪುಟಗಳೂ ಹೆಚ್ಚು ಕಡಿಮೆ ಒಂದೇ ಬಗೆ. ಹೊರಗೆ ಹಿಮ, ಕಿಟಕಿಯಲ್ಲಿ ಹಳದಿ ದೀಪ, ಮುದುಡಿ ಮಲಗಿದ ಬೆಕ್ಕು, ಹಬೆಯಾಡುವ ಬಟ್ಟಲು. ಈ ಬೆಚ್ಚನೆಯ ಸುಖಕ್ಕೆ ಡೆನ್ಮಾರ್ಕಿನವರು ‘ಹ್ಯೂಗ’ ಎನ್ನುತ್ತಾರೆ. 2016ರಲ್ಲಿ ಮೈಕ್ ವೈಕಿಂಗ್ ಎಂಬವರು ಅದರ ಮೇಲೆಯೇ ಪುಟ್ಟ ಪುಸ್ತಕವೊಂದನ್ನು ಬರೆದ ಮೇಲೆ ಆ ಪದ ಡೆನ್ಮಾರ್ಕಿನ ಗಡಿ ದಾಟಿ ಬಹುದೂರ ಹೋಯಿತು. ಐಸ್‌ಲ್ಯಾಂಡಿನಲ್ಲಿ ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಲ್ಲಿ ಪುಸ್ತಕಗಳ ಪ್ರವಾಹವೇ ಹರಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇರೆ ಉಡುಗೊರೆಗಳು ದುರ್ಲಭವಾಗಿ, ಕಾಗದ ಮಾತ್ರ ಅಷ್ಟಿಷ್ಟು ಸಿಗುತ್ತಿದ್ದಾಗ ಗಟ್ಟಿಯಾದ ಪದ್ಧತಿಯಿದು. ಒಬ್ಬರಿಗೊಬ್ಬರು ಪುಸ್ತಕ ಕೊಟ್ಟುಕೊಳ್ಳುವ ಈ ಪದ್ಧತಿಯ ಬಗ್ಗೆ ನಮಗೆ ಗೌರವವಿದೆ, ಸ್ವಲ್ಪ ಅಸೂಯೆಯೂ ಇದೆ.

ಬೆಚ್ಚಗೆ ಕೂತು ಓದುವುದು ತಪ್ಪೇನಲ್ಲ. ದಿನವಿಡೀ ದುಡಿದು ದಣಿದು ಬಂದವರಿಗೆ ಮೈಗೊಂದು ಹೊದಿಕೆ, ಮನಸ್ಸಿಗೊಂದು ಕಥೆ ಬೇಕೇ ಬೇಕು. ನಮ್ಮ ಪ್ರಶ್ನೆ ಬೇರೆ. ಚಳಿಯನ್ನೇ ಬಾಗಿಲ ಹೊರಗಿಟ್ಟ ಪುಸ್ತಕ ನಮ್ಮನ್ನು ನಿಜವಾಗಿ ಬೆಚ್ಚಗಿಡಬಲ್ಲುದೇ? ಹೊದಿಕೆಯ ಒಳಗಿನ ಸುಖವನ್ನಷ್ಟೇ ಬಲ್ಲ ಬರೆಹಕ್ಕೂ, ಹೊದಿಕೆ ಇಲ್ಲದವನ ರಾತ್ರಿಯನ್ನು ಬಲ್ಲ ಬರೆಹಕ್ಕೂ ವ್ಯತ್ಯಾಸವಿಲ್ಲವೇ?

ಚಳಿಗಾಲದ ಪುಸ್ತಕಗಳ ಪಟ್ಟಿಯಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಕೃತಿ ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’. ಅದು ಹೊರಬಂದದ್ದು 1843ರ ಡಿಸೆಂಬರ್ 19ರಂದು. ಮೊದಲ ಮುದ್ರಣದ 6,000 ಪ್ರತಿಗಳು ಕ್ರಿಸ್ಮಸ್ಸಿನ ಮುನ್ನಾದಿನಕ್ಕೇ ಖರ್ಚಾದವು. ಹಬ್ಬದ ಹಂಗಾಮಿಗೆ ಪುಸ್ತಕ ಮಾರುವ ಇಂದಿನ ಉದ್ಯಮಕ್ಕೆ ಇದು ಹಿರಿಯಜ್ಜನಿದ್ದಂತೆ. ಆದರೆ ಅದು ಹುಟ್ಟಿದ್ದು ಬೆಚ್ಚನೆಯ ಮನಃಸ್ಥಿತಿಯಲ್ಲಲ್ಲ. ಆ ವರ್ಷ ಇಂಗ್ಲೆಂಡಿನಲ್ಲಿ ದುಡಿಯುವ ಮಕ್ಕಳ ದುಸ್ಥಿತಿಯ ಬಗ್ಗೆ ಸರಕಾರಿ ವರದಿಯೊಂದು ಬಂದಿತ್ತು. ಅದನ್ನು ಓದಿ ಕುದಿದುಹೋದ ಡಿಕನ್ಸ್ ಬಡವರ ಮಕ್ಕಳ ಪರವಾಗಿ ಕರಪತ್ರ ಬರೆಯಲು ಹೊರಟಿದ್ದ. ಆಮೇಲೆ ಕರಪತ್ರವನ್ನು ಬಿಟ್ಟು ಕಥೆಯ ದಾರಿ ಹಿಡಿದ.

ಆ ಕಥೆಯಲ್ಲಿ ಇದ್ದಲ ಪೆಟ್ಟಿಗೆ ಯಜಮಾನ ಸ್ಕ್ರೂಜನ ಕೋಣೆಯಲ್ಲಿರುತ್ತದೆ. ಗುಮಾಸ್ತ ಬಾಬ್ ಕ್ರಾಚಿಟ್ ಮೇಣದಬತ್ತಿಯ ಬೆಂಕಿಯಲ್ಲಿ ಮೈ ಕಾಯಿಸಿಕೊಳ್ಳಲು ನೋಡುತ್ತಾನೆ. ಮುಂದೆ, ಹಬ್ಬದ ಸಂಭ್ರಮವನ್ನೆಲ್ಲ ತೋರಿಸುವ ಭೂತವು ತನ್ನ ನಿಲುವಂಗಿಯ ಮಡಿಕೆ ಸರಿಸಿದಾಗ ಅದರಡಿಯಲ್ಲಿ ಹಸಿದು ಒಣಗಿದ ಇಬ್ಬರು ಮಕ್ಕಳು ಕಾಣುತ್ತಾರೆ. ಇಡೀ ಪುಸ್ತಕದ ತಿರುಳು ನಮಗೆ ಇರುವುದು ಇಲ್ಲಿಯೇ. ಹಬ್ಬದ ಬೆಚ್ಚನೆಯ ಅಂಗಿಯ ಕೆಳಗೆ ಹಸಿವು ಅಡಗಿದೆ. ಇಂದಿನ ಮಾರುಕಟ್ಟೆ ಈ ಮಕ್ಕಳನ್ನು ಮತ್ತೆ ಅಂಗಿಯೊಳಗೆ ಮುಚ್ಚಿಟ್ಟು, ಮೇಲಿನ ಅಲಂಕಾರವನ್ನಷ್ಟೇ ಮುಖಪುಟಕ್ಕೆ ಅಂಟಿಸಿದೆ. ಡಿಕನ್ಸನಿಗೂ ಒಂದು ಮಿತಿಯಿದೆ ಎನ್ನದೆ ವಿಧಿಯಿಲ್ಲ. ಯಜಮಾನನ ಮನಸ್ಸು ಕರಗಿದರೆ ಗುಮಾಸ್ತನ ಕಷ್ಟ ಕರಗುತ್ತದೆಂದು ಅವನು ನಂಬಿದ. ಯಜಮಾನರು ಕರಗದ ಊರುಗಳಲ್ಲಿ ಏನಾಗುತ್ತದೆಂಬುದನ್ನು ತಿಳಿಯಲು ಪ್ರೇಮಚಂದರ ಬಳಿಗೆ ಬರಬೇಕು.

ಉರ್ದುವಿನಲ್ಲಿ ಬರವಣಿಗೆ ಆರಂಭಿಸಿ ಹಿಂದಿಗೆ ನಡೆದು ಬಂದ ಪ್ರೇಮಚಂದರು 1930ರಲ್ಲಿ ಬರೆದ ‘ಪೂಸ್ ಕಿ ರಾತ್’ ಪುಷ್ಯಮಾಸದ ಒಂದು ರಾತ್ರಿಯ ಕಥೆ. ರೈತ ಹಲ್ಕು ಕಂಬಳಿಗೆಂದು ಮೂರು ರೂಪಾಯಿ ಕೂಡಿಟ್ಟಿದ್ದಾನೆ. ಸಾಲಗಾರ ಬಾಗಿಲಿಗೆ ಬರುತ್ತಾನೆ. ಹೆಂಡತಿ ಮುನ್ನಿ ಬೇಡವೆಂದರೂ ಆ ಹಣ ಅವನ ಪಾಲಾಗುತ್ತದೆ. ಹಲ್ಕು ಹರಕು ಹೊದಿಕೆಯಲ್ಲೇ ಬೆಳೆ ಕಾಯಲು ಹೊಲಕ್ಕೆ ಹೋಗುತ್ತಾನೆ. ಜೊತೆಗೆ ಜಬ್ರಾ ಎಂಬ ನಾಯಿ. ಚಳಿ ತಡೆಯಲಾರದೆ ನಾಯಿಯನ್ನೇ ತಬ್ಬಿ ಮಲಗುತ್ತಾನೆ. ಆಮೇಲೆ ಪಕ್ಕದ ಮಾವಿನ ತೋಪಿನಲ್ಲಿ ತರಗೆಲೆ ಗುಡಿಸಿ ಬೆಂಕಿ ಹಾಕುತ್ತಾನೆ. ಬೆಂಕಿ ಆರಿದ ಮೇಲೂ ಬೂದಿಯ ಕಾವಿನ ಪಕ್ಕದಲ್ಲೇ ಕೂರುತ್ತಾನೆ. ಆಗ ಹೊಲಕ್ಕೆ ನೀಲಗಾಯಿಗಳ ಹಿಂಡು ನುಗ್ಗುತ್ತದೆ. ಜಬ್ರಾ ಬೊಗಳುತ್ತಲೇ ಇರುತ್ತದೆ. ಹಲ್ಕು ಎದ್ದು ಒಂದೆರಡು ಹೆಜ್ಜೆ ಇಟ್ಟವನು ಗಾಳಿಯ ಇರಿತಕ್ಕೆ ಹಿಂದಿರುಗಿ ಬೂದಿಯ ಬಳಿ ಕೂತುಬಿಡುತ್ತಾನೆ. ಬೆಳಗಾದಾಗ ಬೆಳೆಯೆಲ್ಲ ನೆಲಸಮ. ಮುನ್ನಿಗೆ ಚಿಂತೆ. ಇನ್ನು ಈ ಚಳಿಯಲ್ಲಿ ಇಲ್ಲಿ ಮಲಗಬೇಕಿಲ್ಲವಲ್ಲ ಎಂದು ಹಲ್ಕುವಿಗೆ ನೆಮ್ಮದಿ.

ಈ ಕೊನೆಯನ್ನು ಸೋಮಾರಿತನವೆಂದು ಓದುವವರಿದ್ದಾರೆ. ನಮಗೆ ಹಾಗನಿಸುವುದಿಲ್ಲ. ಕಥೆಯ ಅತಿ ಬೆಚ್ಚನೆಯ ಗಳಿಗೆಯೂ ಬೆಳೆ ಕೈಬಿಟ್ಟು ಹೋದ ಗಳಿಗೆಯೂ ಒಂದೇ. ಕಾವಿನ ರುಚಿ ಕಂಡವನು ಏಳಲಾರದೆ ಹೋದ, ನಿಜ. ಆದರೆ ಎದ್ದು ಹೋಗಿ ಉಳಿಸಿದ್ದರೆ ಆ ಬೆಳೆ ಯಾರ ಪಾಲಾಗುತ್ತಿತ್ತು? ಮತ್ತದೇ ಸಾಲಗಾರನ ಪಾಲು. ಮನುಷ್ಯನಿಗೆ ತನ್ನ ನಷ್ಟದಲ್ಲೇ ನೆಮ್ಮದಿ ಕಾಣುವಂಥ ಸ್ಥಿತಿ ಬಂತಲ್ಲ ಎಂಬುದೇ ಈ ಕಥೆಯ ನಿಜವಾದ ಚಳಿ. ಯಾವ ರಜಾಯಿ ಹೊದ್ದು ಓದಿದರೂ ಅದು ತಾಗದೆ ಇರದು.

ಕಂಬಳಿಯಿಂದ ಕೋಟಿಗೆ ಬರೋಣ. ಗೊಗೋಲನ ‘ಓವರ್‌ಕೋಟ್’ 1842ರ ರಷ್ಯನ್ ಕಥೆ. ಗುಮಾಸ್ತ ಅಕಾಕಿ ಸಂಜೆಯ ಚಹಾ ಬಿಟ್ಟು, ಮೇಣದಬತ್ತಿ ಹಚ್ಚುವುದನ್ನು ಬಿಟ್ಟು, ಬೂಟಿನ ಅಟ್ಟೆ ಸವೆಯದಂತೆ ಮೆಲ್ಲಗೆ ಹೆಜ್ಜೆಯಿಟ್ಟು ಹಣ ಕೂಡಿಸಿ ಕೋಟು ಹೊಲಿಸುತ್ತಾನೆ. ಅದು ಕಳುವಾಗುತ್ತದೆ. ದೂರು ಕೊಡಲು ಹೋದರೆ ದೊಡ್ಡ ಅಧಿಕಾರಿ ಗದರಿಸಿ ಕಳುಹಿಸುತ್ತಾನೆ. ಅದೇ ಹೆಸರಿನ ಉರ್ದು ಕಥೆ ಗುಲಾಂ ಅಬ್ಬಾಸರದು. ಶ್ಯಾಮ್ ಬೆನಗಲ್ಲರ ‘ಮಂಡಿ’ ಚಿತ್ರಕ್ಕೆ ಮೂಲವಾದ ‘ಆನಂದಿ’ ಕಥೆಯನ್ನು ಬರೆದವರೂ ಇವರೇ. ಇವರ ನಾಯಕನಿಗೆ ಹೆಸರಿಲ್ಲ. ಜನವರಿಯ ಸಂಜೆ ಲಾಹೋರಿನ ಮಾಲ್ ರಸ್ತೆಯಲ್ಲಿ ಚೆಂದದ ಕೋಟು, ಕೊರಳಿಗೆ ರೇಷ್ಮೆಯ ಮಫ್ಲರು, ಕೈಯಲ್ಲೊಂದು ಬೆತ್ತ ಹಿಡಿದು ಅಡ್ಡಾಡುವ ಯುವಕ. ಅಂಗಡಿಗಳನ್ನು ನೋಡುತ್ತಾನೆ, ರತ್ನಗಂಬಳಿಯ ಬೆಲೆ ವಿಚಾರಿಸುತ್ತಾನೆ. ಕೊನೆಗೆ ಇಟ್ಟಿಗೆ ತುಂಬಿದ ಲಾರಿಯೊಂದು ಅವನ ಮೇಲೆ ಹರಿಯುತ್ತದೆ. ಆಸ್ಪತ್ರೆಯಲ್ಲಿ ನರ್ಸುಗಳು ಕೋಟು ಬಿಚ್ಚಿದರೆ ಒಳಗೆ ತೂತು ಬಿದ್ದ ಸ್ವೆಟರು. ಮಫ್ಲರಿನಡಿ ಅಂಗಿಯೇ ಇಲ್ಲ. ಕಾಲುಚೀಲಗಳು ಒಂದಕ್ಕೊಂದು ಜೋಡಿಯಲ್ಲ. ಜೇಬಿನಲ್ಲಿ ಬಾಚಣಿಗೆ, ಕರವಸ್ತ್ರ, ಕೆಲವು ಆಣೆ, ಅರ್ಧ ಸೇದಿದ ಸಿಗರೇಟು.

ಉರ್ದುವಿನಲ್ಲಿ ‘ಸಫೇದ್‌ಪೋಶಿ’ ಎಂಬ ಮಾತಿದೆ. ಬಡತನ ಎಷ್ಟೇ ಇರಲಿ, ಹೊರಗೆ ಬಿಳಿ ಬಟ್ಟೆಯ ಮರ್ಯಾದೆ ಕಾಯ್ದುಕೊಳ್ಳುವುದು ಎಂದು ಅದರರ್ಥ. ನಮ್ಮ ಊರುಗಳ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಇಂದಿಗೂ ನಡೆಯುತ್ತಿರುವ ಮೌನ ವ್ರತವಿದು. ಕೈಯೊಡ್ಡುವವನಿಗೆ ಝಕಾತ್ ಸಿಗುತ್ತದೆ. ಕೈಯೊಡ್ಡದೆ ಇಸ್ತ್ರಿ ಮಾಡಿದ ಶೇರ್ವಾನಿಯಲ್ಲಿ ಮದುವೆಗೆ ಬಂದುಹೋಗುವವನ ಮನೆಯ ಒಲೆಯನ್ನು ಯಾರೂ ನೋಡುವುದಿಲ್ಲ. ಗೊಗೋಲನಿಗೆ ಕೋಟು ಒಂದು ಕನಸಾಗಿತ್ತು. ಗುಲಾಂ ಅಬ್ಬಾಸರಿಗೆ ಅದು ಪರದೆ. ಎರಡು ಕಥೆಗಳನ್ನೂ ಒಂದೇ ರಾತ್ರಿ ಬೆನ್ನಿಗೆ ಬೆನ್ನು ಹಚ್ಚಿ ಓದಬೇಕೆಂಬುದು ನಮ್ಮ ಸಲಹೆ. ಮರುದಿನ ಬೀದಿಯಲ್ಲಿ ಕಾಣುವ ಕೋಟುಗಳು ಬೇರೆಯಾಗಿಯೇ ಕಾಣುತ್ತವೆ.

ಮೂರನೆಯ ಹೊದಿಕೆ ಇಸ್ಮತ್ ಚುಗ್ತಾಯಿಯವರ ‘ಲಿಹಾಫ್’. 1942ರಲ್ಲಿ ‘ಅದಬ್-ಎ-ಲತೀಫ್’ ಪತ್ರಿಕೆಯಲ್ಲಿ ಬಂದ ಈ ಕಥೆ ಲೇಖಕಿಯನ್ನು ಲಾಹೋರಿನ ನ್ಯಾಯಾಲಯದವರೆಗೂ ಎಳೆಯಿತು. ಅಶ್ಲೀಲವೆಂಬ ಆಪಾದನೆ ಅಲ್ಲಿ ನಿಲ್ಲಲಿಲ್ಲ. ಈ ಕಥೆಯನ್ನು ಮನೆಯ ಕಪಾಟಿನಲ್ಲಿಡಲು ಹಿಂಜರಿಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ಆ ಹಿಂಜರಿಕೆಯೊಡನೆ ಜಗಳಕ್ಕೆ ನಿಲ್ಲುವುದು ನಮ್ಮ ಉದ್ದೇಶವಲ್ಲ. ಆದರೆ ಕಥೆ ಎತ್ತುವ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ನವಾಬ ಬೇಗಂ ಜಾನಳನ್ನು ಮದುವೆಯಾಗಿ ತಂದು, ಮನೆಯ ಉಳಿದ ಸಾಮಾನುಗಳ ಜೊತೆ ಇಟ್ಟು ಮರೆತುಬಿಡುತ್ತಾನೆ. ಹತ್ತಿಯ ಲಿಹಾಫು ಇದ್ದರೂ ಆಕೆ ಚಳಿಯಲ್ಲಿ ಸೆಟೆದುಹೋಗುತ್ತಾಳೆ. ಹೊದಿಕೆ ಕೊಟ್ಟರೆ ಹೊಣೆ ಮುಗಿಯಿತೆಂದು ತಿಳಿದ ಗಂಡಸರ ಲೋಕದ ಮೇಲೆ ಇದಕ್ಕಿಂತ ಕಟುವಾದ ಟೀಕೆಯನ್ನು ನಾವು ಓದಿಲ್ಲ.

ಇಂಥದೇ ಇನ್ನೊಂದು ಮಾತು ನಮ್ಮ ಕನ್ನಡದ್ದು. ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದವು. ಹೆಸರಿನಲ್ಲಿ ದೀಪವಿದೆಯೆಂದು ಯಾರಾದರೂ ಅದನ್ನು ಚಳಿಗಾಲದ ಆ ಮೇಜಿನ ಮೇಲೆ ಬೆಕ್ಕಿನ ಚಿತ್ರದ ಪಕ್ಕದಲ್ಲಿಟ್ಟರೆ ಅಚ್ಚರಿಯಿಲ್ಲ. ಆದರೆ ‘ಎದೆಯ ಹಣತೆ’ ಕಥೆಯಲ್ಲಿ ತಾಯಿಯೊಬ್ಬಳು ಮೈಮೇಲೆ ಸುರಿದುಕೊಳ್ಳುವುದು ಸೀಮೆಎಣ್ಣೆ. ಅವಳನ್ನು ತಡೆದು ಉಳಿಸುವುದು ಮಗಳ ಕೂಗು. ಕೈ ಕಾಯಿಸಿಕೊಳ್ಳಲು ಹಚ್ಚಿದ ದೀಪವಲ್ಲ ಅದು.

ಹೊದಿಕೆಯ ಮಾತು ಬಂದಾಗ ಅದನ್ನು ಮಾಡುವವರ ಮಾತೂ ಬರಬೇಕು. ನಮ್ಮ ನಾಡಿನಲ್ಲಿ ಹತ್ತಿ ಹಿಂಜಿ ಗಾದಿ, ರಜಾಯಿ ತುಂಬಿಕೊಟ್ಟವರು ಪಿಂಜಾರರು, ನದಾಫರು. ಬಿಲ್ಲಿನಂಥ ಉಪಕರಣ ಹೆಗಲಿಗೇರಿಸಿ, ಅದರ ತಂತಿಯ ನಾದದಿಂದಲೇ ತಾವು ಬಂದೆವೆಂದು ಸಾರುತ್ತ ಬೀದಿ ಬೀದಿ ಅಲೆದ ಮುಸ್ಲಿಂ ಸಮುದಾಯವದು. ಇನ್ನೊಬ್ಬರನ್ನು ಬೆಚ್ಚಗಿಟ್ಟ ಇವರ ಹಾಡುಪಾಡು ನಮ್ಮ ಕಥೆ ಕಾದಂಬರಿಗಳಲ್ಲಿ ಎಷ್ಟು ಬಂದಿದೆ? ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಳೆಯ ಸೀರೆ, ಧೋತರ ಜೋಡಿಸಿ ಕೌದಿ ಹೊಲಿಯುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರದ್ದೂ ಅಂಥದೇ ಕಸುಬುದಾರಿಕೆ. ಮನೆಯ ಪ್ರತಿಯೊಬ್ಬರ ಹಳೆಯ ಬಟ್ಟೆಯ ತುಣುಕೂ ಒಂದು ಕೌದಿಯಲ್ಲಿರುತ್ತದೆ. ಒಳ್ಳೆಯ ಕಥಾಸಂಕಲನವೂ ಹಾಗೆಯೇ ಇರಬೇಕೆಂದು ನಮಗೆ ಅನಿಸಿದೆ.

ಕನ್ನಡದಲ್ಲಿ ಚಳಿಗಾಲದ ಪುಸ್ತಕ ಯಾವುದು ಎಂದು ಹುಡುಕಹೊರಟರೆ ಒಂದು ಸಂಗತಿ ಹೊಳೆಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಹೊದ್ದು ಕೂರುವ ಕಾಲ ಮಾಗಿಗಿಂತ ಹೆಚ್ಚಾಗಿ ಮಳೆಗಾಲ. ಹಾಗಾಗಿ ನಮ್ಮ ದೊಡ್ಡ ಕೃತಿಗಳ ಚಳಿ ಹಿಮದ್ದಲ್ಲ, ನೆನೆದ ಮೈಯದ್ದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನನ್ನು ಹಲ್ಕು, ಜಬ್ರಾ ಜೋಡಿಯ ಪಕ್ಕದಲ್ಲಿಟ್ಟು ನೋಡಿ. ಮನುಷ್ಯರು ದೂರವಿಟ್ಟವನಿಗೆ ನಾಯಿಯ ಮೈಕಾವೇ ಆಸರೆ. ಕೊನೆಗೆ ಉಕ್ಕಿ ಹರಿಯುವ ತುಂಗೆ ಹುಲಿಯನನ್ನು ಒಯ್ಯುತ್ತಾಳೆ. ಕಾರಂತರ ‘ಚೋಮನ ದುಡಿ’ (1933) ಬಂದದ್ದು ‘ಪೂಸ್ ಕಿ ರಾತ್’ ಬಂದ ಮೂರೇ ವರ್ಷಕ್ಕೆ. ಚೋಮನನ್ನು ಕಟ್ಟಿಹಾಕಿದ್ದೂ ಸಾಲವೇ. ಕತ್ತಲೆಯ ಗುಡಿಸಲಿನಲ್ಲಿ ಅವನಿಗಿದ್ದ ಒಂದೇ ಕಾವು ದುಡಿ. ಬನಾರಸಿನ ಕಡೆಯ ಲೇಖಕರೂ ಪುತ್ತೂರಿನ ಕಡೆಯ ಲೇಖಕರೂ ಒಂದೇ ಹೊತ್ತಿನಲ್ಲಿ ಒಂದೇ ಸಾಲದ ಲೆಕ್ಕ ಬರೆಯುತ್ತಿದ್ದರು.

ಹಾಗಾದರೆ ನಗುವಿಗೆ, ಹಗುರಕ್ಕೆ ಜಾಗವಿಲ್ಲವೇ ಎಂದು ಓದುಗರು ಕೇಳಬಹುದು. ಖಂಡಿತ ಇದೆ. ಉರ್ದುವಿನ ಪತ್ರಸ್ ಬುಖಾರಿಯವರ ಲೇಖನವೊಂದರಲ್ಲಿ ಪರೀಕ್ಷೆಗೆ ಓದಲೆಂದು ಬೇಗ ಎಬ್ಬಿಸುವಂತೆ ವಿದ್ಯಾರ್ಥಿಯೊಬ್ಬ ನೆರೆಮನೆಯವನಿಗೆ ಹೇಳುತ್ತಾನೆ. ನೆರೆಯವನು ನಡುರಾತ್ರಿ ಮೂರಕ್ಕೇ ಬಂದು ಬಾಗಿಲು ಮುರಿಯುವಂತೆ ಬಡಿಯುತ್ತಾನೆ. ಅಲ್ಲಿಂದ ಮುಂದೆ ನಗು ತಡೆಯುವುದು ಕಷ್ಟ. ಕನ್ನಡದಲ್ಲಿ ಗೊರೂರರ ‘ಹಳ್ಳಿಯ ಚಿತ್ರಗಳು’ ಇದೆ. ಇವು ನಿಜಕ್ಕೂ ಬೆಚ್ಚಗಿಡುವ ಪುಸ್ತಕಗಳು. ಏಕೆಂದರೆ ಇವರು ನಗುವುದು ತಮ್ಮನ್ನೂ ತಮ್ಮವರನ್ನೂ ಕಂಡು. ಇನ್ನೊಬ್ಬನನ್ನು ಚಳಿಯಲ್ಲಿ ನಿಲ್ಲಿಸಿ ಒಳಗೆ ಕೂತು ನಗುವುದಿಲ್ಲ. ನಮ್ಮ ತಕರಾರು ಹಗುರವಾದ ಪುಸ್ತಕದ ಮೇಲಲ್ಲ. ಲೋಕದಲ್ಲಿ ಚಳಿಯೇ ಇಲ್ಲವೆಂದು ನಂಬಿಸುವ ಪುಸ್ತಕದ ಮೇಲೆ.

ಓದು ಮತ್ತು ಹೊದಿಕೆ ಎರಡೂ ಒಟ್ಟಿಗೆ ಬರುವ ಒಂದು ಪ್ರಸಂಗವನ್ನು ಮುಸ್ಲಿಮರೆಲ್ಲರೂ ಬಲ್ಲರು. ಹಿರಾ ಗುಹೆಯಲ್ಲಿ ಪ್ರವಾದಿ ಮುಹಮ್ಮದರಿಗೆ (ಸ) ಬಂದ ಮೊದಲ ಆದೇಶವೇ ಓದಿನದು. ಅವರು ನಡುಗುತ್ತ ಮನೆಗೆ ಬಂದು ಹೊದಿಸುವಂತೆ ಕೇಳಿದರು. ಹಝ್ರತ್ ಖದೀಜಾ (ರ) ಹೊದಿಸಿದರು, ಧೈರ್ಯ ಹೇಳಿದರು. ಕುರ್‌ಆನಿನ 73 ಮತ್ತು 74ನೆಯ ಅಧ್ಯಾಯಗಳಾದ ಅಲ್ ಮುಝ್ಝಮ್ಮಿಲ್, ಅಲ್ ಮುದ್ದಸ್ಸಿರ್‌ಗಳ ಹೆಸರಿಗೆ ಹೊದ್ದುಕೊಂಡವರು ಎಂಬ ಅರ್ಥವಿದೆ. ಎರಡರಲ್ಲೂ ಹಾಗೆ ಕರೆದ ಕೂಡಲೇ ಬರುವ ಆದೇಶ ಏಳುವುದಕ್ಕೆ. ಹೊದಿಕೆಯನ್ನು ಅಲ್ಲಿ ಯಾರೂ ತಪ್ಪೆಂದಿಲ್ಲ. ನಡುಕ ಇಳಿಯುವವರೆಗೆ ಅದು ಬೇಕು. ಇಳಿದ ಮೇಲೆ ಏಳಬೇಕು. 74ನೆಯ ಅಧ್ಯಾಯದ ಕೊನೆಯ ಭಾಗದಲ್ಲಿ ನರಕಕ್ಕೆ ಬಿದ್ದವರು ತಮ್ಮ ತಪ್ಪುಗಳನ್ನು ಎಣಿಸುವಾಗ, ಬಡವನಿಗೆ ಉಣಿಸದೆ ಇದ್ದುದೂ ಆ ಲೆಕ್ಕದಲ್ಲಿ ಬರುತ್ತದೆ.

ಮಾಗಿಗೆ ಪುಸ್ತಕ ಆಯುವಾಗ ನಮಗೆ ಇದೇ ಅಳತೆಗೋಲು. ಓದಿ ಮುಗಿಸಿದವನನ್ನು ಅದು ಇನ್ನಷ್ಟು ಮುದುಡಿಸುತ್ತದೆಯೋ, ಎಬ್ಬಿಸುತ್ತದೆಯೋ? ಡಿಕನ್ಸನ ಪುಸ್ತಕ ಮನೆಯಲ್ಲಿದ್ದರೆ ಆ ಇಬ್ಬರು ಮಕ್ಕಳಿರುವ ಪುಟವನ್ನು ಹುಡುಕಿ ಮಕ್ಕಳಿಗೆ ಓದಿ ಹೇಳಿ. ಪ್ರೇಮಚಂದರ ಕಥೆಯನ್ನು ಗಟ್ಟಿಯಾಗಿ ಓದಿ, ಮನೆಯ ಹಿರಿಯರೂ ಕೇಳಲಿ. ನಸುಕಿನಲ್ಲಿ ಬಾಗಿಲಿಗೆ ಹಾಲು, ಪೇಪರು ತರುವ ಹುಡುಗನಿಗೆ ಸ್ವೆಟರಿದೆಯೇ ಎಂದು ಗಮನಿಸುವಂತೆ ಮಾಡಿದರೆ ಸಾಕು, ಆ ಪುಸ್ತಕಕ್ಕೆ ಕೊಟ್ಟ ದುಡ್ಡು ಸಂದಿತು.