ಸವೆದ ಹುಲಿಯ ಮೋರೆ

ಹಾಸನೂರಿನ ನಮ್ಮ ನಡುಮನೆಯ ಗೂಡಿನಲ್ಲಿ ನಮ್ಮ ಮನೆದೇವರು, ನಾಲ್ಕು ಬೆರಳೆತ್ತರದ ಹಿತ್ತಾಳೆ ಮಾದಪ್ಪ ಇದ್ದಾನೆ. ಅವನು ಏರಿರುವ ಹುಲಿಯ ಮೋರೆ ಪೂರಾ ಸವೆದಿದೆ. ಕಣ್ಣಿದ್ದ ಜಾಗದಲ್ಲಿ ಎರಡು ತಗ್ಗು, ಬಾಯಿದ್ದಲ್ಲಿ ಒಂದು ಗೀರು, ಅಷ್ಟೆ. ಅಜ್ಜಿ, ಆಮೇಲೆ ಅವ್ವ, ಸೋಮವಾರ ಸೋಮವಾರ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹಾಗಾದದ್ದು. ಪಟ್ಟೆಯ ಗೆರೆಗಳೊಳಗೆ ಮಾತ್ರ ವಿಭೂತಿ ಕೂತು ಕಲ್ಲಾಗಿದೆ, ದಬ್ಬಳದಲ್ಲಿ ಕೆರೆದರೂ ಬಿಡುವುದಿಲ್ಲ. ಹುಲಿಗಿಂತ ಸವಾರನೇ ದೊಡ್ಡವನು. ಇನ್ನೊಂದಿಷ್ಟು ಬಗ್ಗಿದರೆ ಅವನ ಪಾದ ನೆಲ ಮುಟ್ಟುತ್ತದೆ. ಶಿಲ್ಪಶಾಸ್ತ್ರದ ತಾಳಮಾನ ಹಿಡಿದು ಅಳೆದರೆ ಇದು ತಪ್ಪೇ. ಆದರೆ ಈ ಪರಂಪರೆಯ ಬುದ್ಧಿ ಇರುವುದು ಆ ತಪ್ಪಿನಲ್ಲೇ. ಇಲ್ಲಿ ಹುಲಿ ಹೆದರಿಸುವುದಕ್ಕೆ ಬಂದಿಲ್ಲ, ಹೊರುವುದಕ್ಕೆ ಬಂದಿದೆ.

ಹಾಸನೂರಿನವರಿಗೆ ಹುಲಿ ಬರೀ ಕಥೆಯ ಪ್ರಾಣಿಯಲ್ಲ. 2013ರಲ್ಲಿ ನಮ್ಮೂರ ಸುತ್ತಲಿನ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. 27 ತಿರುವುಗಳ ದಿಂಬಂ ಘಾಟಿಯಲ್ಲಿ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ಹೈಕೋರ್ಟಿನ ಕಟ್ಟುಪಾಡಿದೆ. ಹುಲಿಯನ್ನು ಇಷ್ಟು ಹತ್ತಿರದಿಂದ ಬಲ್ಲ ಜನ ತಮ್ಮ ದೇವರ ಕೆಳಗೆ ನಿಲ್ಲಿಸಿಕೊಂಡ ಹುಲಿ ಉಳುವ ಎತ್ತಿನಷ್ಟು ಸಾಧು. ತಾಳ್ಮೆಯಿಂದ ನಿಂತಿದೆ, ಕಿವಿ ಹಿಂದಕ್ಕೆ ಒರಗಿದೆ. 1956ರಲ್ಲಿ ಮಾದಪ್ಪನ ಬೆಟ್ಟವಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ನಮ್ಮ ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಗಡಿ ಬಿತ್ತು, ಬೆಟ್ಟಕ್ಕೆ ಹೋಗುವ ಕಾಲು ಮಾತ್ರ ನಿಲ್ಲಲಿಲ್ಲ. ಶಿವರಾತ್ರಿಗೋ ದೀಪಾವಳಿಗೋ ಹೋದವರು ಪ್ರಸಾದದ ಜೊತೆಗೆ ಒಂದು ಪಟ ತಂದೇ ತರುತ್ತಾರೆ.

ಪಟದ ಬಗ್ಗೆ ನನಗೆ ತಕರಾರಿದೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಛಾಪಖಾನೆ ತೆರೆದ ಮೇಲೆ ದೇವರ ಬಣ್ಣದ ಚಿತ್ರ ಬಡವರ ಗೋಡೆಗೂ ಬಂತು. ಅದು ಸಣ್ಣ ಉಪಕಾರವಲ್ಲ. ಆದರೆ ಅಚ್ಚು ಬೆಳೆದಂತೆ ಮೋರೆಗಳೆಲ್ಲ ಒಂದೇ ಆದವು. ಈಗಿನ ಪಟದ ಮಾದಪ್ಪನಿಗೆ ಯಾವ ಊರಿನ ಶಿವನಿಗೂ ಒಪ್ಪುವ ಗುಲಾಬಿ ಕೆನ್ನೆ. ಅವನ ಹುಲಿಯೋ, ಬಾಯಿ ಕಿಸಿದು ಗರ್ಜಿಸುತ್ತದೆ. ಬೆಟ್ಟದಲ್ಲಿ 2023ರಲ್ಲಿ ಅನಾವರಣಗೊಂಡ 108 ಅಡಿಯ ಮೂರ್ತಿಯೂ ನನ್ನ ಕಣ್ಣಿಗೆ ಆ ಪಟದ ಕುಲಕ್ಕೇ ಸೇರಿದ್ದು. ಬೆರಗು ಹುಟ್ಟಿಸುತ್ತದೆ, ಒಪ್ಪಿದೆ. ಮನೆಯ ಗೂಡಿನ ಮಾದಪ್ಪನ ಹತ್ತಿರ ಮಾತಾಡಿದ ಹಾಗೆ ಅದರ ಹತ್ತಿರ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಕಾಡಿನ ಸೋಲಿಗರ ಎಷ್ಟೋ ದೇವರಿಗಂತೂ ಮೋರೆಯೇ ಇಲ್ಲ. ಮರದ ಬುಡದ ಕಲ್ಲೇ ದೇವರು. ಅದನ್ನು ಯಾರೂ ಕೊಂಡೊಯ್ದು ಷೋಕೇಸಿನಲ್ಲಿ ಇಡಲಾರರು.

ಹಿತ್ತಾಳೆ ಮೂರ್ತಿಗೆ ಆ ಕಾವಲಿಲ್ಲ. ಹಳೆಯದನ್ನು ಕೇಳಿಕೊಂಡು ಕಾರಿನಲ್ಲಿ ಬರುತ್ತಾರೆ. ನಮ್ಮ ಮಾದಪ್ಪನನ್ನೂ ಒಬ್ಬರು ಕೇಳಿದರು, ಆ್ಯಸಿಡ್ಡಿನಲ್ಲಿ ಅದ್ದಿದರೆ ಹೊಸದರ ಹಾಗೆ ಹೊಳೆಯುತ್ತದೆ ಎಂದರು. ಅವ್ವ ಎದ್ದು ಒಳಗೆ ಹೋದಳು. ಎರಡು ತಲೆಮಾರಿನ ಕೈ ಸವೆಸಿದ್ದನ್ನು, ತುಂಬಿದ್ದನ್ನು ಒಂದು ಬಟ್ಟಲು ದ್ರಾವಣದಲ್ಲಿ ತೊಳೆದ ಮೇಲೆ ಸಂಗ್ರಹಿಸಲು ಉಳಿಯುವುದಾದರೂ ಏನು?

ಸಂಗ್ರಹವೆಲ್ಲ ಕೇಡು ಎನ್ನಲಾರೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ಭೂತಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಊರಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದು ನಿಂತವು, ಪೂಜೆ ನಡೆದೇ ಇದೆ. ಹಳತು ಹೋದರೂ ಕೆತ್ತುವ ಕೆಲಸ ನಿಲ್ಲಲಿಲ್ಲ. ಪೋರ್ಚುಗಲ್ಲಿನ ಎಸ್ತ್ರೆಮೋಜ್ ಊರಿನ ಮಣ್ಣಿನ ಸಂತರ ಬೊಂಬೆಗಳ ಕಥೆ ನನಗೆ ಇನ್ನೂ ಹತ್ತಿರದ್ದು. ಕಳೆದ ಶತಮಾನದಲ್ಲಿ ಆ ಕೆಲಸ ಇನ್ನೇನು ನಿಂತೇಹೋಯಿತು ಅನ್ನುವಾಗ, 1930ರ ದಶಕದಲ್ಲಿ ಸಾ ಲೆಮೊಸ್ ಎಂಬ ಶಿಲ್ಪಿ ಅನಾ ದಾಸ್ ಪೆಲೆಸ್ ಎಂಬ ಮುದುಕಿಯನ್ನು ಹುಡುಕಿ, ಮತ್ತೆ ಬೊಂಬೆ ಮಾಡಲು ಕೂರಿಸಿದ. 2017ರಲ್ಲಿ ಯುನೆಸ್ಕೊ ಆ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿನ ಹಳ್ಳಿಗರು ಬೇಡಿದ್ದು ಕೊಡದ ಸಂತ ಆಂತೋನಿಯ ಮೂರ್ತಿಯನ್ನು ತಲೆಕೆಳಗು ಮಾಡಿ ಇಡುತ್ತಿದ್ದರಂತೆ. ನಮ್ಮವ್ವ ಮಳೆ ಬಾರದ ವರ್ಷ ಗೂಡಿನ ಮುಂದೆ ನಿಂತು ಮಾದಪ್ಪನನ್ನು ಬೈದದ್ದು ನೆನಪಾಯಿತು. ಬೈಗುಳ ಕೇಳಿಸಿಕೊಳ್ಳುವಷ್ಟು ಸಣ್ಣದಾಗಿ, ಕೈಗೆ ಸಿಗುವಂತೆ ಇರುವುದೇ ಮನೆದೇವರ ಮೂರ್ತಿಯ ಗುಣ. ದೊಡ್ಡ ಶಿಲ್ಪದ ಅಳತೆಗೋಲು ತಂದು ಇದನ್ನು ಒರಟು ಎನ್ನುವವರ ಕಣ್ಣಿಗೆ ಬೀಳದಿರುವುದು ಇದೇ.

ತಂಗಿಯ ಮದುವೆಯಾದ ಮೇಲೆ ಅವಳೂ ಒಂದು ಮಾದಪ್ಪ ಬೇಕೆಂದಳು. ಹಳೆಯದನ್ನು ಕೊಂಡುಕೊಳ್ಳುವುದು ಬೇಡ, ಮಾಡಿಸೋಣ ಎಂದೆ. ನಮ್ಮದನ್ನೇ ಮಾದರಿಗೆ ಒಯ್ದೆವು. ಎರಕದವರು ಅದನ್ನು ತಿರುಗಿಸಿ ನೋಡಿ ಮೇಣದಲ್ಲಿ ಹುಲಿಯ ಮೈ ತಿದ್ದಿದರು, ಮೋರೆಯ ಹತ್ತಿರ ಬಂದು ಕೈ ತಡೆದರು.

“ಇದಕ್ಕೆ ಕಣ್ಣು ಹೆಂಗಿತ್ತವ್ವಾ?”

ಅವ್ವ ಕಣ್ಣು ಮುಚ್ಚಿ, ತಾನು ಮದುವೆಯಾಗಿ ಬಂದಾಗ ನೋಡಿದ್ದನ್ನು ಹೇಳಿದಳು: ಹುರುಳಿ ಕಾಳಿನಂಥ ಕಣ್ಣು, ಎರಡೂ ಕಡೆ ಮೂರು ಮೂರು ಮೀಸೆ, ಹಲ್ಲು ಕಾಣುತ್ತಿರಲಿಲ್ಲ. ಅವರು ಹಾಗೆಯೇ ಮಾಡಿಕೊಟ್ಟರು. ತಂಗಿ ಸೋಮವಾರ ಸೋಮವಾರ ತಿಕ್ಕುತ್ತಾಳೆ. ಮೊನ್ನೆ ಹೋದಾಗ ನೋಡಿದೆ, ಮೀಸೆಯ ತುದಿ ಆಗಲೇ ತೆಳುವಾಗುತ್ತಿದೆ.