ನೀಟ್ ತಯಾರಿ ವೈದ್ಯರನ್ನು ತಯಾರು ಮಾಡುತ್ತಿದೆಯೇ?

ಪಿಯುಸಿಯ ಎರಡು ವರ್ಷ ವೈದ್ಯವೃತ್ತಿಯ ಮೊದಲ ಮೆಟ್ಟಿಲು ಎಂದು ನಾವೆಲ್ಲ ನಂಬಿದ್ದೇವೆ. ಹಾಗಿದ್ದರೆ ಆ ಎರಡು ವರ್ಷಗಳಲ್ಲಿ ಮಕ್ಕಳು ಏನು ಕಲಿಯುತ್ತಿದ್ದಾರೆ, ಏನನ್ನು ಕೈಬಿಡುತ್ತಿದ್ದಾರೆ ಎಂದು ನೋಡುವ ಹೊಣೆಯೂ ನಮ್ಮದೇ. ಇವತ್ತಿನ ನೀಟ್ ತಯಾರಿ ಸೀಟು ಕೊಡಿಸಬಲ್ಲದು. ಆದರೆ ರೋಗಿಯ ಎದುರು ಕೂರಲು ಬೇಕಾದ ಗುಣಗಳಿಗೆ ಆ ದಿನಚರಿಯಲ್ಲಿ ಜಾಗವೇ ಉಳಿದಿಲ್ಲ.

ಪರೀಕ್ಷೆಗೆ ಸಲ್ಲಬೇಕಾದ ಮನ್ನಣೆ ಮೊದಲು ಸಲ್ಲಲಿ. 2013ರಲ್ಲಿ ಶುರುವಾಗಿ, ಅದೇ ವರ್ಷ ಸುಪ್ರೀಂ ಕೋರ್ಟಿನಲ್ಲಿ ರದ್ದಾಗಿ, 2016ರಲ್ಲಿ ಮತ್ತೆ ಜೀವ ಪಡೆದ ನೀಟ್, ಒಂದೊಂದು ಖಾಸಗಿ ಕಾಲೇಜಿನ ಪರೀಕ್ಷೆಗೂ ಊರೂರು ಅಲೆಯುವ ಕಷ್ಟವನ್ನು ತಪ್ಪಿಸಿತು. ದುಡ್ಡಿದ್ದವರೂ ಅರ್ಹತೆಯ ಅಂಕ ಪಡೆಯಲೇಬೇಕಾಯಿತು. 2017ರಿಂದ ಕನ್ನಡದಲ್ಲೂ ಬರೆಯಲು ಅವಕಾಶವಾಯಿತು. ಇವು ಸಣ್ಣ ಸುಧಾರಣೆಗಳಲ್ಲ.

2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಈ ಪರೀಕ್ಷೆ ಬರೆದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಪ್ರಶ್ನೆಪತ್ರಿಕೆ ಸೋರಿಕೆಯ ಗದ್ದಲ ಎದ್ದಿತು, ಜುಲೈನಲ್ಲಿ ಕರ್ನಾಟಕದ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ಆ ಚರ್ಚೆ ನಡೆದದ್ದೆಲ್ಲ ಸೀಟು ಯಾರಿಗೆ ಸಿಗಬೇಕು ಎಂಬುದರ ಸುತ್ತ. ಸೀಟಿಗಾಗಿ ದುಡಿಯುವ ಮಗು ಆ ದುಡಿಮೆಯಲ್ಲಿ ಎಂಥ ಮನುಷ್ಯನಾಗಿ ರೂಪುಗೊಳ್ಳುತ್ತದೆ ಎಂಬ ಪ್ರಶ್ನೆ ಹಿಂದೆ ಬಿತ್ತು.

ರ‍್ಯಾಂಕ್ ನಿರ್ಧಾರವಾಗುವುದು ನೀಟ್ ಅಂಕದಿಂದ ಮಾತ್ರ. ಪಿಯುಸಿ ಅಂಕ ಬೇಕಾಗುವುದು ಅರ್ಹತೆಗಷ್ಟೇ. ಆದ್ದರಿಂದ ಹಲವು ಇಂಟಿಗ್ರೇಟೆಡ್ ಕಾಲೇಜುಗಳಲ್ಲಿ ಭಾಷೆಯ ಪೀರಿಯಡ್ಡು ಕುಗ್ಗುತ್ತದೆ, ಪ್ರಾಕ್ಟಿಕಲ್ ವರ್ಷದ ಕೊನೆಗೆ ಸರಿಯುತ್ತದೆ. ಉಳಿದ ಹೊತ್ತೆಲ್ಲ ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲು ಉರುಹೊಡೆಯುವುದು, ವಾರದ ಮಾಕ್ ಟೆಸ್ಟು, ಅದರ ಅಂಕದ ಮೇಲೆ ಸೆಕ್ಷನ್ ಬದಲಾವಣೆ. ಸೀಟು ಸಿಗದಿದ್ದರೆ ಲಾಂಗ್ ಟರ್ಮ್. ಇದೇ ದಿನಚರಿ ಇನ್ನೊಂದು ವರ್ಷ, ಈ ಸಲ ಕಾಲೇಜಿನ ಹೆಸರೂ ಗೆಳೆಯರೂ ಇಲ್ಲದೆ.

ಈ ಅವಸರದಲ್ಲಿ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಜೀವಶಾಸ್ತ್ರದ ಲ್ಯಾಬಿನ ಒಂದು ಸಣ್ಣ ಪ್ರಯೋಗವನ್ನು ನೋಡಿ. ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರದ ಸ್ಯಾಂಪಲ್ ಹಾಕಿ ಕಾಯಿಸಬೇಕು. ಸಕ್ಕರೆ ಹೆಚ್ಚಿದ್ದಷ್ಟೂ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಉರಿ ಜೋರು ಮಾಡಿದರೆ ದ್ರಾವಣ ಉಕ್ಕಿ ಟೆಸ್ಟ್ ಟ್ಯೂಬಿನಿಂದ ಹೊರಚಿಮ್ಮುತ್ತದೆ. ಬಂದದ್ದು ಹಸಿರೋ ಹಳದಿಯೋ? ಪ್ರಯೋಗ ಮಾಡುವ ಹುಡುಗಿಗೆ ಒಂದು ಕಂಡರೆ ಪಕ್ಕದವಳಿಗೆ ಇನ್ನೊಂದು ಕಾಣುತ್ತದೆ. ಕಣ್ಣಿಗೆ ಕಂಡದ್ದನ್ನು ಎಷ್ಟರಮಟ್ಟಿಗೆ ನಂಬಬೇಕು, ಯಾವಾಗ ಮತ್ತೊಮ್ಮೆ ಮಾಡಿ ನೋಡಬೇಕು ಎಂಬ ವೈದ್ಯಶಾಸ್ತ್ರದ ಮೂಲಪಾಠ ಅಲ್ಲಿ ಕೈಗೆ ಹತ್ತುತ್ತದೆ. ಓಎಂಆರ್ ಶೀಟಿಗೆ ಸಾಕಾಗುವುದು ‘ಬೆನೆಡಿಕ್ಟ್, ಸಕ್ಕರೆ, ಇಟ್ಟಿಗೆ ಕೆಂಪು’ ಎಂಬ ಒಂದೇ ಸಾಲು.

ಮುಂದೆ ಅದೇ ಹುಡುಗಿ ತಾಲ್ಲೂಕು ಆಸ್ಪತ್ರೆಯ ಓಪಿಡಿಯಲ್ಲಿ ಕೂರುತ್ತಾಳೆ ಎನ್ನೋಣ. ಶುಗರ್ ಇಳಿಯದ ಅಜ್ಜನೊಬ್ಬ ಬರುತ್ತಾನೆ. “ಮಾತ್ರೆ ತಗೋತಾ ಇದೀರಾ, ಅಜ್ಜ?” “ಹೂಂ ಕಣವ್ವ.” ಅಲ್ಲಿಗೇ ನಿಂತರೆ ಡೋಸು ಹೆಚ್ಚುತ್ತದೆ. “ಹೋದ ಸಲ ಯಾವಾಗ ತಂದ್ರಿ? ಚೀಟಿ ಇದೆಯಾ?” ಎಂದು ಮೆಲ್ಲಗೆ ಇನ್ನೊಂದು ಮಾತು ಕೇಳಿದರೆ, ಹತ್ತು ದಿನದ ಮಾತ್ರೆಯನ್ನು ಇಪ್ಪತ್ತು ದಿನಕ್ಕೆ ಎಳೆಯುತ್ತಿರುವುದು ಹೊರಬೀಳುತ್ತದೆ. ಆಗ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಆ ಎರಡನೇ ಪ್ರಶ್ನೆ ಕೇಳುವ ತಾಳ್ಮೆ, ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಹೇಳಿಸುವ ಮಾತಿನ ಹದ, ಜನರೊಡನೆ ಬೆರೆತು, ಕತೆ ಓದಿ, ತನ್ನ ಭಾಷೆಯಲ್ಲಿ ಯೋಚಿಸಿ ಬರುವಂಥವು. ಅವು ಬೆಳೆಯಬೇಕಾದ ವಯಸ್ಸಿನಲ್ಲೇ ನಾವು ಅವನ್ನು ‘ಟೈಂ ವೇಸ್ಟ್’ ಎಂದು ಕಿತ್ತುಹಾಕುತ್ತಿದ್ದೇವೆ.

ಪರೀಕ್ಷೆ ಕಲಿಸುವ ಇನ್ನೊಂದು ಅಭ್ಯಾಸವೂ ಯೋಚಿಸುವಂಥದ್ದು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. 2025ರ ಪತ್ರಿಕೆಯಲ್ಲಿ 180 ಪ್ರಶ್ನೆಗೆ 180 ನಿಮಿಷ. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವವರೇ ಇಲ್ಲಿ ಜಾಣರು. ಊಹೆಯ ಮೇಲೆ ಬರೆಯದಿರುವ ಸಂಯಮ ವೈದ್ಯರಿಗೂ ಬೇಕು, ನಿಜ. ಆದರೆ ರೋಗಿಯನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗುವಂತಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಂಡು, ಹಿರಿಯರನ್ನು ಕೇಳಿ, ಪುಸ್ತಕ ತೆರೆದು, ಮತ್ತೆ ಹಾಸಿಗೆಯ ಬಳಿಗೆ ಬರಬೇಕು. ಈ ಎರಡನೇ ಅರ್ಧಕ್ಕೆ ತಯಾರಿಯ ಎರಡು ವರ್ಷಗಳಲ್ಲಿ ಅಭ್ಯಾಸವೇ ಇಲ್ಲ.

ಈ ಕೊರತೆ ವೈದ್ಯಶಿಕ್ಷಣದ ಹಿರಿಯರ ಗಮನಕ್ಕೆ ಬಾರದೆ ಇಲ್ಲ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ಮನೋಭಾವ, ನೀತಿ, ಸಂವಹನ ಕಲಿಸುವ ಏಟ್‌ಕಾಂ ಪಾಠಗಳನ್ನು ತಂದಿತು. ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಜಾಗ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಎರಡು ಮೂರು ವರ್ಷ ಒಣಗಿಸಿದ್ದನ್ನು ಕೆಲವು ತರಗತಿಗಳು ಚಿಗುರಿಸಲಾರವು.

ಪರೀಕ್ಷೆ ಇರಲಿ, ತಯಾರಿ ಬದಲಾಗಲಿ. ನಮ್ಮಲ್ಲಿ ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕವೂ ಅರ್ಧ ಸೇರುತ್ತದೆ. ವೈದ್ಯಕೀಯಕ್ಕೂ ಅಂಥ ತೂಕ ಬಂದರೆ ತರಗತಿಗೂ ಲ್ಯಾಬಿಗೂ ಬೆಲೆ ಮರಳುತ್ತದೆ. ಅಲ್ಲಿಯವರೆಗೆ ಪಿಯು ಇಲಾಖೆ ಪ್ರಾಕ್ಟಿಕಲ್ ಮತ್ತು ಭಾಷಾ ತರಗತಿಗಳು ನಿಜಕ್ಕೂ ನಡೆಯುತ್ತಿವೆಯೇ ಎಂದು ಹೋಗಿ ನೋಡಬೇಕು. ಅಪ್ಪ ಅಮ್ಮಂದಿರು ಅಡ್ಮಿಶನ್ನಿಗೆ ಹೋದಾಗ ಹಿಂದಿನ ವರ್ಷದ ರ‍್ಯಾಂಕಿನ ಜೊತೆಗೆ ಲ್ಯಾಬು ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಎಂದೂ ಕೇಳಬೇಕು. ರಜೆಯಲ್ಲಿ ಮಕ್ಕಳು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತು, ಆಶಾ ಕಾರ್ಯಕರ್ತೆಯೊಬ್ಬರು ಬಾಣಂತಿಯ ಮನೆಯಲ್ಲಿ ಹೇಗೆ ಮಾತು ತೆಗೆಯುತ್ತಾರೆ ಎಂದು ನೋಡಿ ಬರಲಿ. ಇದರಿಂದ ಕೆಲವು ಅಂಕ ಕಡಿಮೆಯಾದರೂ ಆಗಬಹುದು. ಅಷ್ಟು ನಷ್ಟವನ್ನು ಹೊರಲು ವ್ಯವಸ್ಥೆ ಸಿದ್ಧವಿಲ್ಲದಿದ್ದರೆ, ನಾವು ಹುಡುಕುತ್ತಿರುವುದು ವೈದ್ಯರನ್ನಲ್ಲ, ಪರೀಕ್ಷೆ ಬರೆಯುವವರನ್ನು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.