ಪ್ರಶ್ನೆ ಊರಿನದೋ, ಸಂಶೋಧಕರದೋ?

ಬೆಂಗಳೂರಿನಿಂದ ಬೆಳಿಗ್ಗೆ ಹೊರಟವರು ಊರು ತಲುಪಿ, ಮನೆಮನೆ ಸುತ್ತಿ, ಪ್ರಶ್ನಾವಳಿ ತುಂಬಿಸಿಕೊಂಡು ಸಂಜೆಗೆ ವಾಪಸಾಗಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಆರೋಗ್ಯ ಸಂಶೋಧಕರಿಗೆ ಒಗ್ಗಿಬಂದಿರುವುದಕ್ಕೆ ಇದೂ ಒಂದು ಕಾರಣ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ ಈ ಸೀಮೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರಿನಲ್ಲಿ ಬೆಂಗಳೂರು ಸೇರಿಕೊಂಡಿತು. ಕಾಡಂಚಿನ ಊರಿನ ಬಸುರಿಗೆ ದೊಡ್ಡಾಸ್ಪತ್ರೆ ಈಗಲೂ ದೂರವೇ.

ಇಲ್ಲಿ ನಡೆದ ಕೆಲವು ಅಧ್ಯಯನಗಳನ್ನು ಒಂದೇ ಪ್ರಶ್ನೆಯಿಟ್ಟುಕೊಂಡು ನೋಡಬೇಕೆನಿಸಿದೆ: ಜನರ ಪಾಲು ಎಷ್ಟಿತ್ತು? ಸಮುದಾಯ ಸಹಭಾಗಿತ್ವದ ಸಂಶೋಧನೆ ಎಂದರೆ ಜನ ರಕ್ತದ ಮಾದರಿ ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳುವುದಷ್ಟೇ ಅಲ್ಲ. ಯಾವ ಕಾಯಿಲೆಯನ್ನು ಮೊದಲು ಹಿಡಿಯಬೇಕು, ಮಾಹಿತಿ ಹೇಗೆ ಕೂಡಿಸಬೇಕು, ಸಿಕ್ಕಿದ್ದರ ಅರ್ಥವೇನು, ಅದರಿಂದ ಏನು ಮಾಡಬೇಕು ಎಂಬ ನಾಲ್ಕರಲ್ಲೂ ಅವರಿಗೆ ಮಾತಿರಬೇಕು. ಅಮೆರಿಕದ ಮಿಷಿಗನ್‌ನಲ್ಲಿ ಬಾರ್ಬರಾ ಇಸ್ರೇಲ್ ಮತ್ತು ಸಂಗಡಿಗರು 1998ರಲ್ಲಿ ಇದರ ತತ್ವಗಳನ್ನು ಒಂದೆಡೆ ಬರೆದಿಟ್ಟರು. ಬಡವರಿಗೂ ಉಳ್ಳವರಿಗೂ ಇರುವ ಆರೋಗ್ಯದ ಅಂತರ ತಗ್ಗಬೇಕಾದರೆ ಅಂತರವನ್ನು ಉಣ್ಣುವವರೇ ಅದರ ಕಾರಣ ಹೇಳಬೇಕು ಎಂಬುದು ಅದರ ತಿರುಳು.

ಈ ಜಿಲ್ಲೆಯಲ್ಲಿ ಆ ತಿರುಳಿಗೆ ಹೆಚ್ಚು ಹತ್ತಿರ ಬಂದದ್ದು, ನನ್ನ ಎಣಿಕೆಯಲ್ಲಿ, ಕನಕಪುರ ತಾಲ್ಲೂಕಿನಲ್ಲಿ ಕೆಲಸ ಮಾಡಿದ ಬೆಳಕು ಟ್ರಸ್ಟ್. ವೈದ್ಯೆ ಡಾ. ಸರಸ್ವತಿ ಗಣಪತಿ ಮತ್ತು ಅವರ ಜತೆಗಾರರು ತೊಂಬತ್ತರ ದಶಕದಲ್ಲಿ ಹಳ್ಳಿಯ ತಾಯಂದಿರ ಆರೋಗ್ಯವನ್ನು ಅಧ್ಯಯನಕ್ಕೆತ್ತಿಕೊಂಡರು. ಅವರು 388 ಬಸುರಿಯರನ್ನು ಹೆರಿಗೆ ದಾಟಿ ಬಾಣಂತನ ಮುಗಿಯುವ ತನಕ ಜತೆಜತೆಗೇ ಹಿಂಬಾಲಿಸಿದರು. ಈ ಕ್ರಮದ ಬೆಲೆ ದೊಡ್ಡದು. ಅನಾಹುತ ಆದಮೇಲೆ ಹೋಗಿ ‘ಏನಾಯಿತಮ್ಮ’ ಎಂದು ಕೇಳಿದರೆ ಸಿಗುವುದು ನೆನಪು ಮತ್ತು ಸಂಕಟ ಬೆರೆತ ಉತ್ತರ. ಬಸುರಿನಲ್ಲೇ ‘ಎಲ್ಲಿ ಹೆರಬೇಕೆಂದಿದ್ದೀಯ’ ಎಂದು ಕೇಳಿ, ಆಮೇಲೆ ನಿಜಕ್ಕೂ ಎಲ್ಲಿ ಹೆತ್ತಳೆಂದು ನೋಡಿದರೆ, ಬಯಸಿದ್ದಕ್ಕೂ ನಡೆದದ್ದಕ್ಕೂ ನಡುವೆ ಯಾರು ನಿಂತರೆಂಬುದು ಕಾಣುತ್ತದೆ: ಅತ್ತೆಯೇ, ದುಡ್ಡೇ, ರಾತ್ರಿ ಸಿಗದ ಗಾಡಿಯೇ. ಆಗ ಅಲ್ಲಿನ ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು.

ಇನ್ನೂ ಮೆಚ್ಚಬೇಕಾದದ್ದು ಬಾಣಂತನವನ್ನು ಅವರು ನೋಡಿದ ಬಗೆ. ಪಥ್ಯ, ಬೆಚ್ಚಗಿಡುವುದು, ಎರೆಯುವುದು, ಹೊರಗೆ ಬಿಡದಿರುವುದು – ಇವನ್ನೆಲ್ಲ ಮೂಢನಂಬಿಕೆಯ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಬೆಳಕಿನವರು ಹಾಗೆ ಮಾಡಲಿಲ್ಲ. ಬಾಣಂತಿಯದು ಹಸಿ ಮೈ, ಅದನ್ನು ಕಾಯಬೇಕು ಎಂಬ ಹೆಂಗಸರ ತಿಳಿವಳಿಕೆಯನ್ನೇ ಕೈದೀಪ ಮಾಡಿಕೊಂಡು ಒಳಗೆ ಹೋದರು. 2004ರಲ್ಲಿ ಪ್ರಕಟವಾದ ಅವರ ಬರಹದ ತಲೆಬರಹದಲ್ಲೇ ‘ಬಾಣಂತನ’ ಎಂಬ ನಮ್ಮ ಮಾತು ಹಾಗೆಯೇ ಉಳಿದಿದೆ. ಆದರೆ ಆ ಬರಹ ಅಚ್ಚಾದದ್ದು ಇಂಗ್ಲಿಷಿನ ವಿದ್ವತ್ ಗ್ರಂಥವೊಂದರಲ್ಲಿ. ಮಾತು ಕೊಟ್ಟ ಬಾಣಂತಿಯರ ಕೈಗೆ ಸಿಗುವ ಪುಸ್ತಕವಲ್ಲ ಅದು. ಮೊದಲ ಪ್ರಶ್ನೆ ಹುಟ್ಟಿದ್ದೂ ಸಂಶೋಧಕರ ಮೇಜಿನ ಮೇಲೆಯೇ. ಈ ಎರಡು ಕೊರತೆಗಳನ್ನು ಮೆಚ್ಚುಗೆಯ ನಡುವೆಯೂ ಹೇಳಲೇಬೇಕು.

ಆದರೂ ಬೆಳಕಿನವರು ಮಾಹಿತಿ ಹೊತ್ತು ಊರು ಬಿಡಲಿಲ್ಲ. ಸ್ಥಳೀಯ ಹೆಂಗಸರಿಗೇ ತರಬೇತಿ ಕೊಟ್ಟು, 5ರಿಂದ 11 ತಿಂಗಳ ಕೂಸುಗಳಿರುವ ಮನೆಗಳಿಗೆ ತಿಂಗಳಿಗೊಮ್ಮೆ ಕಳಿಸಿ, ಗಟ್ಟಿ ಆಹಾರ ಯಾವಾಗ, ಏನು, ಎಷ್ಟು ಸಲ ಎಂದು ತಾಯಂದಿರೊಡನೆ ಕೂತು ಮಾತಾಡಿಸಿದರು. 2005ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ನಲ್ಲಿ ಬಂದ ಇದರ ಫಲಿತಾಂಶದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ತೂಕ ಏರುವ ವೇಗ ಹೆಚ್ಚಿದ್ದು ಹೆಣ್ಣುಕೂಸುಗಳಲ್ಲಿ ಎಂಬುದು. ತಟ್ಟೆಯಲ್ಲಿ ಕಡಿಮೆ ಪಾಲು ಪಡೆಯುತ್ತಿದ್ದ ಕೂಸಿಗೆ ಮಾತಿನ ಫಲ ತಲುಪಿತು ಎಂದು ಇದನ್ನು ಓದಿಕೊಳ್ಳಬಹುದು. ಆರೋಗ್ಯದ ಅಂತರ ಮನೆಯೊಳಗೇ ಇರುತ್ತದೆ, ಅದನ್ನು ತಗ್ಗಿಸಬಲ್ಲವರೂ ಮನೆಯೊಳಗೇ ಇರುತ್ತಾರೆ. ಇದರ ಜತೆಗೆ ಅಚ್ಚಲು ಹಳ್ಳಿ ಮತ್ತು ಸುತ್ತಲಿನ ಊರುಗಳ ಹೆಂಗಸರಿಗೆ ಕೈಕಾಗದ, ಬಟ್ಟೆಯ ಮೇಲೆ ಅಚ್ಚುಹಾಕುವ ಕೆಲಸಗಳೂ ಶುರುವಾದವು. ಆರೋಗ್ಯದ ಅಧ್ಯಯನ ಮಾಡುವವರಿಗೆ ಇದು ಯಾಕೆ ಎಂದು ಕೇಳುವವರಿರಬಹುದು. ಕೈಯಲ್ಲಿ ನಾಲ್ಕು ಕಾಸಿಲ್ಲದ ಹೆಣ್ಣು ಆಸ್ಪತ್ರೆಗೆ ಹೋಗುವ ತೀರ್ಮಾನವನ್ನು ತಾನೇ ತೆಗೆದುಕೊಳ್ಳಲಾರಳು ಎಂಬುದನ್ನು ಬಲ್ಲವರು ಹಾಗೆ ಕೇಳುವುದಿಲ್ಲ.

ಕಾಲ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 97% ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಈಗ ಊರೂರಿನ ಮಾತು ಬಿ.ಪಿ., ಶುಗರ್. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಹಣದಲ್ಲಿ ಈ ಜಿಲ್ಲೆಯಲ್ಲಿ ನಡೆಸಿದ ‘ಹೋಪ್’ ಪ್ರಯೋಗ ಇದನ್ನೇ ಹಿಡಿದದ್ದು. ಸುಮಾರು ಐವತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎರಡು ಗುಂಪು ಮಾಡಿ, ಖಿನ್ನತೆ-ಆತಂಕಗಳ ಜತೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯೂ ಇರುವವರಿಗೆ ಒಂದೇ ಸೂರಿನಡಿ ಆರೈಕೆ ಕೊಡುವ ಯತ್ನ. ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್ ಬಸ್ಸು ಹತ್ತಬೇಕಾದವರಿಗೆ ತಮ್ಮ ಊರ ಹತ್ತಿರದ ಕೇಂದ್ರದಲ್ಲೇ ಕೇಳುವ ಕಿವಿ ಸಿಕ್ಕರೆ ಅದು ಸಣ್ಣ ಸಂಗತಿಯಲ್ಲ. ವಿನ್ಯಾಸ ಬಿಗಿಯಾಗಿದೆ, ಗುರಿ ಸರಿಯಾಗಿದೆ. ಜನರ ಪಾಲು ಮಾತ್ರ ತೆಳು. ಅಳೆಯಬೇಕಾದದ್ದೇನೆಂಬುದು ಮೊದಲೇ ನಿಗದಿಯಾಗಿತ್ತು. ಊರಿಗೆ ಸಿಕ್ಕಿದ್ದು ನಡೆಸಿಕೊಡುವ ಪಾತ್ರ. ಆಶಾ ಕಾರ್ಯಕರ್ತೆಯನ್ನು ಸೇರಿಸಿಕೊಂಡರೆ ಸಮುದಾಯವನ್ನೇ ಸೇರಿಸಿಕೊಂಡಂತೆ ಎಂಬ ಲೆಕ್ಕಾಚಾರ ಇಂಥ ಹಲವು ಯೋಜನೆಗಳಲ್ಲಿದೆ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಕೂತವರು ಇದೇ ಆಶಾಗಳು. ಅವರ ಹೆಗಲಿಗೆ ಇನ್ನೊಂದು ಹೊರೆ ಏರಿಸುವುದು ಸಹಭಾಗಿತ್ವವಲ್ಲ.

ಚನ್ನಪಟ್ಟಣದಲ್ಲಿ ಮಾಯಾ ಸಂಸ್ಥೆ ಬೇರೆ ದಾರಿ ಹಿಡಿಯಿತು. ಊರಿನ ಹೆಂಗಸರನ್ನೇ ಆರೋಗ್ಯದ ದಾರಿ ತೋರುವವರಾಗಿ ತಯಾರು ಮಾಡಿತು. ಅವರು ಮನೆಮನೆಗೆ ಹೋಗಿ ಬಿ.ಪಿ., ಶುಗರ್ ನೋಡುತ್ತಾರೆ, ಸಣ್ಣ ಶುಲ್ಕ ಪಡೆಯುತ್ತಾರೆ, ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೇಳುತ್ತಾರೆ. ಯೋಜನೆಯ ಅನುದಾನ ಮುಗಿದ ಮಾರನೆಯ ದಿನ ಇವರು ಮಾಯವಾಗಬೇಕಿಲ್ಲ ಎಂಬುದು ಇದರ ಬಲ. ಕಾಸು ಕೊಡಲಾಗದ ಮನೆಯ ಬಾಗಿಲಿಗೆ ಇವರು ಎಷ್ಟು ಸಲ ಹೋಗುತ್ತಾರೆಂಬುದು ಇದರ ಪರೀಕ್ಷೆ. ಅಂತರ ತಗ್ಗಿಸುವ ಕೆಲಸ ಗೆಲ್ಲುವುದೋ ಸೋಲುವುದೋ ಅಂಥ ಮನೆಯ ಹೊಸಿಲಲ್ಲೇ.

ಇನ್ನು ರೇಷ್ಮೆ. ರಾಮನಗರದ ಗೂಡು ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದೆಂದು ಹೇಳಿಕೊಳ್ಳುತ್ತೇವೆ. ಆ ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವವರ ಬೆರಳಿನ ಚರ್ಮ ಸುಲಿಯುತ್ತದೆ. ಆವಿ, ಹೊಗೆ, ಬೆಂದ ಹುಳುವಿನ ವಾಸನೆ ದಿನವಿಡೀ ಮೂಗಿಗೆ ಹೋಗುತ್ತದೆ. ರೇಷ್ಮೆ ನೂಲು ತೆಗೆಯುವ ಫಿಲೇಚರ್ ಘಟಕಗಳ ಕೆಲಸಗಾರರಿಗೆ ಈ ಕಸುಬಿನಿಂದಲೇ ಅಸ್ತಮಾ ಬರುತ್ತದೆಂದು 1985ರಲ್ಲೇ ವೈದ್ಯಕೀಯ ಪ್ರಬಂಧ ಹೇಳಿತ್ತು. ಹ್ಯೂಮನ್ ರೈಟ್ಸ್ ವಾಚ್ 2003ರ ವರದಿಯಲ್ಲಿ ಈ ಉದ್ಯಮದ ಜೀತದ ಮಕ್ಕಳ ಕಷ್ಟ ಬರೆಯಿತು. ಎರಡೂ ಬೇಕಾಗಿದ್ದವು, ಎರಡೂ ಹೊರಗಿನವರ ಕಣ್ಣು. ರೀಲಿಂಗ್ ಘಟಕದ ಹೆಂಗಸರೇ ಕೂತು, ಯಾವ ತಿಂಗಳಲ್ಲಿ ಉಬ್ಬಸ ಹೆಚ್ಚು, ಯಾವ ಒಲೆಯಲ್ಲಿ ಹೊಗೆ ಕಡಿಮೆ, ರಜೆ ಹಾಕಿದರೆ ಕೂಲಿಗೇನು ಎಂದು ಲೆಕ್ಕ ಹಾಕಿ ಮಾಲೀಕರ ಮುಂದಿಡುವ ಅಧ್ಯಯನವೇ ಈ ಜಿಲ್ಲೆಗೆ ಬೇಕಾದದ್ದು. ಸಾವನದುರ್ಗದ ಅಂಚಿನಲ್ಲಿ, ಕನಕಪುರದ ಕಾಡಂಚಿನಲ್ಲಿ ಇರುವ ಇರುಳಿಗ ಬುಡಕಟ್ಟಿನವರ ಮಾತೂ ಇದೇ. ಚಾಮರಾಜನಗರದಲ್ಲಿ ಸೋಲಿಗರ ಸಂಘದ ಜತೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಕೂತು ಕೆಲಸ ಮಾಡಿದೆ, ಇಲ್ಲೂ ಆಗದ್ದೇನಲ್ಲ.

ಜನರನ್ನು ಕೂರಿಸಿಕೊಂಡರೆ ವಿಜ್ಞಾನ ಸಡಿಲವಾಗುತ್ತದೆ ಎಂಬ ಅಳುಕು ಬೇಡ. ಜಾರ್ಖಂಡ್, ಒಡಿಶಾಗಳಲ್ಲಿ ಏಕ್‌ಜುಟ್ ಸಂಸ್ಥೆ ಹೆಂಗಸರ ಗುಂಪುಗಳಿಗೇ ಸಮಸ್ಯೆ ಆರಿಸಲು, ಪರಿಹಾರ ಹುಡುಕಲು ಬಿಟ್ಟಿತು. ಆ ಪ್ರಯೋಗದ ಕೊನೆಯ ಎರಡು ವರ್ಷಗಳಲ್ಲಿ ನವಜಾತ ಶಿಶುಗಳ ಸಾವು 45% ಕಡಿಮೆಯಾದದ್ದನ್ನು 2010ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಗುಂಪುಗಳನ್ನು ನಡೆಸಿದವರು ಸ್ಥಳೀಯ ಹೆಂಗಸರು. ಅವರ ಕೈಯಲ್ಲಿದ್ದದ್ದು ಚಿತ್ರಗಳು ಮತ್ತು ಕತೆಗಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳು ಸಮುದಾಯವನ್ನು ಒಳಗೊಳ್ಳಬೇಕೆಂದೂ ಫಲಿತಾಂಶವನ್ನು ಅವರಿಗೆ ತಲುಪಿಸಬೇಕೆಂದೂ ಹೇಳುತ್ತವೆ. ಇದನ್ನು ಕಾಗದದಿಂದ ಇಳಿಸಲು ಹೊಸ ಕಾನೂನು ಬೇಕಿಲ್ಲ. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ, ಗ್ರಾಮಸಭೆ ಇದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಅಧ್ಯಯನ ಮಾಡಬಯಸುವವರು ಮೊದಲು ಆ ಸಭೆಯಲ್ಲಿ ಕೂತು ಊರಿನ ಪ್ರಶ್ನೆ ಕೇಳಿಕೊಳ್ಳಲಿ, ಮುಗಿದ ಮೇಲೆ ಅದೇ ಸಭೆಗೆ ಬಂದು ಕಂಡದ್ದನ್ನು ಕನ್ನಡದಲ್ಲಿ ಓದಿ ಹೇಳಲಿ. ಹಾಗೆಂದು ಮುಚ್ಚಳಿಕೆ ಬರೆದುಕೊಡದ ಯೋಜನೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳೂ ಸಂಸ್ಥೆಗಳ ನೈತಿಕ ಸಮಿತಿಗಳೂ ಒಪ್ಪಿಗೆ ಕೊಡಬಾರದು.